ಕೆಂಪು ಲಂಗದ ಹತ್ತನೆಯವನು

"ಅಯ್ಯೋ, ಇದು ಕುಣೀತಾ ಇದೆ! ನಿಲ್ಸೇ, ದೆಸ್ಪಿನಾ!" ಫೈವೆಲ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

ಕಂಪ್ಯೂಟರಿನ ಪರದೆಯ ಮೇಲೊಂದು ಸಿನಗಾಗ್, ಯೆಹೂದಿಗಳ ಪ್ರಾರ್ಥನಾಮಂದಿರ. ಕಲ್ಲಿನ ಕಂಬ, ನೀಲಿ ಗಾಜಿನ ಕಿಟಕಿ, ಉರಿಯುವ ದೀಪ, ಎಲ್ಲವೂ ಬರೀ ಚಿತ್ರ. ಒಳಗೆ ನಿಂತವರೂ ಚಿತ್ರದ ಗೊಂಬೆಗಳೇ; ಆದರೆ ಒಂದೊಂದು ಗೊಂಬೆಯ ಹಿಂದೆ ಯಾವುದೋ ದೂರದ ಊರಿನಲ್ಲಿ ಒಬ್ಬೊಬ್ಬ ಯೆಹೂದಿ ಕೂತಿದ್ದ. ಎಂಬತ್ತೊಂದರ ಫೈವೆಲ್‌ನ ಗೊಂಬೆಗೆ ಕೆಂಪು ಲಂಗ, ಸೊಂಟದವರೆಗೆ ಕೂದಲು. ಪಕ್ಕದ ಮನೆಯ ಗ್ರೀಕ್ ಹೆಂಗಸು ದೆಸ್ಪಿನಾ ಅವಸರದಲ್ಲಿ ಆರಿಸಿಕೊಟ್ಟದ್ದು. ಬದಲಿಸಲು ಹೋಗಿ ಅವನು ಏನನ್ನೋ ಒತ್ತಿದ್ದ. ಈಗ ಅದು ಸೊಂಟ ಬಳುಕಿಸಿ ಕುಣಿಯುತ್ತಿತ್ತು.

ಮೆಲ್ಬರ್ನಿನಲ್ಲಿ ಅವನ ಅಕ್ಕ ತೀರಿಕೊಂಡು ಆರು ದಿನ. ಅವಳಿಗಾಗಿ ಕಾದಿಶ್ ಹೇಳಬೇಕು. ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆಗೆ ಹತ್ತು ಜನ ಯೆಹೂದಿಗಳು ಕೂಡಲೇಬೇಕು. ಓಪಲ್ ರತ್ನದ ಗಣಿಗಳ ಊರಾದ ಈ ಕೂಬರ್ ಪೀಡಿಯಲ್ಲಿ, ಬಂಡೆ ಕೊರೆದ ನೆಲದಡಿಯ ಮನೆಗಳಲ್ಲಿ, ಇರುವವನು ಇವನೊಬ್ಬನೇ ಯೆಹೂದಿ.

"ಕಂಪ್ಯೂಟರ್ ಆರಿಸ್ಬಿಡು. ಅಕ್ಕನಿಗೆ ಮರ್ಯಾದೆ ಮಾಡೋ ರೀತಿಯೇನೇ ಇದು?"

"ಅಲ್ಲಾಡ್ಬೇಡಿ ಮಾರಾಯರೇ, ಹುಡುಕ್ತಿದ್ದೀನಲ್ಲ!"

ಮೈಕ್ ತೆರೆದೇ ಇತ್ತು. "ದಯವಿಟ್ಟು ಹೋಗ್ಬೇಡಿ," ಎಂದಿತು ಒಂದು ಗಂಡುದನಿ. ಕಂಬದ ಪಕ್ಕದ ಬೂದು ಕೋಟಿನ ಗೊಂಬೆ ಮುಂದೆ ಬಂತು. "ನಾನು ನಾಫ್ತಾಲಿ, ಫಿಜಿಯ ಸುವಾದಿಂದ. ಮೂರು ದಿನದಿಂದ ಒಂಬತ್ತೇ ಜನ ಸೇರ್ತಿದ್ದೀವಿ. ತೀರಿಕೊಂಡ ಮಗಳಿಗೆ ಕಾದಿಶ್ ಹೇಳೋಕಾಗಿಲ್ಲ. ಇವತ್ತು ಹತ್ತನೆಯವರು ನೀವು."

ಫೈವೆಲ್ ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ. "ಎಷ್ಟು ವಯಸ್ಸಪ್ಪ?"

"ಇಪ್ಪತ್ತೆರಡು."

ಫೈವೆಲ್ ಎದ್ದು ನಿಂತ. ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ. ಪ್ರಾರ್ಥನೆ ನಡೆಸುತ್ತಿದ್ದ ಕ್ರೈಸ್ಟ್‌ಚರ್ಚ್ ನಗರದ ಬಾಟ್ಯಾ, "ಇಬ್ಬರೂ ಒಟ್ಟಿಗೇ ಹೇಳಿ," ಎಂದಳು.

ನಾಲ್ಕನೆಯ ಸಾಲಿಗೆ ನಾಫ್ತಾಲಿಯ ದನಿ ಒಡೆಯಿತು. ಫೈವೆಲ್ ಹೇಳುವುದನ್ನು ನಿಲ್ಲಿಸಿದ. ಕಾದ. ಆಮೇಲೆ ಒಂದೊಂದೇ ಪದವನ್ನು ಬಿಡಿಸಿ, ನಾಫ್ತಾಲಿ ತನ್ನ ಹಿಂದೆಯೇ ಹೇಳಲು ಬಿಡುವು ಕೊಟ್ಟು ಹೇಳುತ್ತ ಹೋದ. ಉಳಿದವರ 'ಆಮೆನ್' ಒಟ್ಟಿಗೆ ಬರಲಿಲ್ಲ. ಒಂದೊಂದು ಊರಿನಿಂದ ಒಂದೊಂದಾಗಿ, ಹಿಂದುಮುಂದಾಗಿ ಬಂತು. ಕೆಂಪು ಲಂಗ ಮಾತ್ರ ಕುಣಿಯುತ್ತಲೇ ಇತ್ತು.

ಮುಗಿದ ಮೇಲೆ ಫೈವೆಲ್ ಎಂದ: "ತಪ್ಪು ತಿಳೀಬೇಡಪ್ಪ. ಈ ದರಿದ್ರ ಕುಣಿತ..."

"ಸರ್," ನಾಫ್ತಾಲಿ ದನಿ ತಗ್ಗಿಸಿದ, "ನನ್ನ ಹೆಂಡತಿಗೆ ದೇವರ ಮೇಲೆ ಕೋಪ. ಇಷ್ಟು ದಿನ ಈ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ನನ್ನ ಹಿಂದೇನೇ ನಿಂತಿದ್ದಾಳೆ. ನಿಮ್ಮನ್ನ ನೋಡಿ ನಕ್ಕಳು. ಮಗಳು ಹೋದ ಮೇಲೆ ಇದೇ ಮೊದಲು."

"ಸಿಕ್ತು!" ದೆಸ್ಪಿನಾ ಪಿಸುಗುಟ್ಟಿದಳು. "ಇದೇ ಬಟನ್. ನಿಲ್ಲಿಸ್ಲಾ?"

ಫೈವೆಲ್ ಅವಳ ಕೈ ಹಿಡಿದುಕೊಂಡ.

"ತಡಿ. ಆ ತಾಯಿ ಇನ್ನೂ ನೋಡ್ತಿದ್ದಾಳೆ."