ಸದ್ದಿಲ್ಲದ ಬಾಗಿಲು

ಯೂಲಾಲಿ ತಿರುಗಿ ನೋಡಿದರೆ ಹುಡುಗ ಅವಳ ಬೆನ್ನಿಗೇ ನಿಂತಿದ್ದ. ಅವಳು ಕಿಟಾರನೆ ಕಿರುಚಿದಳು. ಕೈಯಲ್ಲಿದ್ದ ಮರದ ಸೌಟು ನೆಲಕ್ಕೆ ಬಿತ್ತು. ಬಗ್ಗಿ ಅದನ್ನೆತ್ತಿಕೊಂಡು ತೊಳೆಯುವಷ್ಟರಲ್ಲಿ, ಎಣ್ಣೆಯಲ್ಲಿ ಹದವಾಗಿ ಕೆಂಪೇರುತ್ತಿದ್ದ ಹಿಟ್ಟು ಸೀದು ಬಾಣಲೆಯಿಂದ ಹೊಗೆ ಏಳುತ್ತಿತ್ತು.

“ಕೇಳಿಸ್ಲೇ ಇಲ್ಲ ಅಲ್ವಾ ಮಿಸ್ ಯೂಲಾ?” ಗಾರ್ತ್ ಹಲ್ಲು ಕಿರಿದ. ಮೀಸೆ ಇನ್ನೂ ಸರಿಯಾಗಿ ಮೂಡಿರದ, ಕಂಬದ ಹಾಗೆ ಬೆಳೆದ ಹುಡುಗ. “ಈ ಬಾಗಿಲನ್ನ ಮೂರು ಸಲ ಬಿಚ್ಚಿ ಮೂರು ಸಲ ಹಾಕ್ದೆ. ಈಗ ನೋಡಿ, ಬೆಕ್ಕು ಬಂದ್ ಹಾಗೆ ಮುಚ್ಕೊಳ್ಳುತ್ತೆ.”

“ಬೆಕ್ಕಾದ್ರೂ ಮಿಯಾಂವ್ ಅನ್ನುತ್ತಪ್ಪ,” ಎಂದಳು ಯೂಲಾಲಿ, ಎದೆ ಒತ್ತಿಕೊಂಡು.

ದೂರದ ಅಯೋವಾ ರಾಜ್ಯದ ಯಾವುದೋ ಚರ್ಚಿನ ಹುಡುಗ ಹುಡುಗಿಯರು ಬೇಸಿಗೆ ರಜೆಯನ್ನು ಬಿಟ್ಟುಕೊಟ್ಟು ಎರಡು ವ್ಯಾನುಗಳಲ್ಲಿ ಬಂದಿಳಿದಿದ್ದರು. ಇಲ್ಲಿನ ಚರ್ಚಿನ ಸಭಾಂಗಣದ ನೆಲದ ಮೇಲೆ ಮಲಗಿ, ಒಣ ಬ್ರೆಡ್ಡು ತಿಂದು, ಚಂಡಮಾರುತದ ನೀರು ಕಿಟಕಿಯವರೆಗೆ ಏರಿ ಕೊಳೆಸಿದ್ದ ಅವಳ ಮನೆಯ ಗೋಡೆಗಳನ್ನು ಕಿತ್ತು ಹೊಸದು ಹಾಕಿದ್ದರು. ಇವತ್ತು ಕೊನೆಯ ದಿನ. ಎಲ್ಲರೂ ಕೈ ಕೈ ಹಿಡಿದು ನಿಂತು ಪ್ರಾರ್ಥನೆ ಮಾಡಿ ಬೀಗದ ಕೈ ಕೊಡುತ್ತಾರೆ. ಆಮೇಲೆ, ಹಿಟ್ಟು ಹುರಿದು ಮಾಡುವ ಅವಳ ಕೈಯ ಸಿಗಡಿ ಗಂಬೋ ಸಾರು ಉಂಡು ಹೊರಡುತ್ತಾರೆ. ಅಂಗಳದಲ್ಲಿ ನಿಂತ ಸರ್ಕಾರದ ಗಾಲಿ ಮನೆ, ಆ ಟ್ರೇಲರಿನೊಳಗೆ ಬೇಯುತ್ತ ವರ್ಷ ಕಳೆದ ಯೂಲಾಲಿ ಇವತ್ತು ರಾತ್ರಿ ತನ್ನ ಮನೆಯಲ್ಲಿ ಮಲಗುತ್ತಾಳೆ. ಆದರೆ ಬೆಳಗಿನಿಂದ ಆ ಮನೆಯಲ್ಲಿ ಓಡಾಡುತ್ತಿದ್ದವಳಿಗೆ ಯಾರದೋ ಮನೆಗೆ ನೆಂಟಳಾಗಿ ಬಂದಂತಿತ್ತು.

ವರಾಂಡಕ್ಕೆ ಬಣ್ಣ ಹೊಡೆಯುತ್ತಿದ್ದ ಪಾಸ್ಟರ್ ಲೈಲ್ ಅಲ್ಲಿಂದಲೇ ಕೂಗಿದರು: “ಮಿಸ್ ಯೂಲಾ, ಏನಾದ್ರೂ ಬಾಕಿ ಇದ್ರೆ ಈಗ್ಲೇ ಹೇಳ್ಬಿಡಿ. ನಾಳೆ ಹೊತ್ತಿಗೆ ನಾವು ನಮ್ಮ ಜೋಳದ ಹೊಲದಲ್ಲಿರ್ತೀವಿ!”

“ಏನೂ ಇಲ್ಲ ಪಾಸ್ಟರ್, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ,” ಎಂದಳು, ತುಸು ಅವಸರದಿಂದಲೇ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದವಳು ಅನ್ನಿಸಿಕೊಳ್ಳುವುದುಂಟೆ?

ಸೀದದ್ದನ್ನು ಚೆಲ್ಲಿ, ಬಾಣಲೆ ಉಜ್ಜಿ, ಮತ್ತೆ ಎಣ್ಣೆ ಹಿಟ್ಟು ಹಾಕಿ ತಿರುಗಿಸತೊಡಗಿದಳು. ಗಾರ್ತ್ ಬಣ್ಣದ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕೂತ.

“ನನ್ನಿಂದ ಕೆಟ್ಟೋಯ್ತು. ಸ್ವಲ್ಪ ಹೊತ್ತು ನಾನು ತಿರುಗಿಸ್ಲಾ?”

“ನಿನ್ನ ಕೈಗೆ ಕೊಟ್ರೆ ಅಯೋವಾ ಗಂಜಿ ಆಗುತ್ತೆ. ಸುಮ್ನೆ ಕೂತ್ಕೊ. ಇದು ಕೆಂಪಾಗೋವರೆಗೂ ಕೈ ನಿಲ್ಲಿಸ್ಬಾರ್ದು, ಕಣ್ಣು ತೆಗೀಬಾರ್ದು. ಮದುವೆಯಾಗಿ ಬಂದಾಗಿಂದ ಬಾಗಿಲಿಗೆ ಬೆನ್ನು ಹಾಕಿ ಹೀಗೇ ನಿಂತಿದ್ದೀನಿ.”

“ಮತ್ತೆ ಯಾರು ಬಂದ್ರು ಅಂತ ಹೇಗೆ ಗೊತ್ತಾಗ್ತಿತ್ತು?”

ಸೌಟು ಎರಡು ಸುತ್ತು ತಿರುಗಿತು. ಹೇಳಬಾರದೆಂದುಕೊಂಡೇ ಯೂಲಾಲಿ ಹೇಳಿದಳು. ಮಗಳು ಲೊರೇನ್ ಜಾಲರಿ ಬಾಗಿಲನ್ನು ಸೊಂಟದಿಂದ ತಳ್ಳಿ ಬಂದರೆ ಅದು ಒಂದರ ಹಿಂದೊಂದು ಎರಡು ಸಲ ಬಡಿಯುತ್ತಿತ್ತು. ಪಕ್ಕದ ಮನೆಯವಳು ಏನಾದರೂ ಸಾಲ ಕೇಳಲು ಬಂದಾಗ ಮೆಲ್ಲಗೆ ಹಿಡಿದು ಬಿಡುತ್ತಿದ್ದಳು, ಟಕ್ ಅಂತ ಅಷ್ಟೇ. ಯೂಲಾಲಿಯ ಗಂಡ ಆಲ್ಸೀಡ್ ದೋಣಿಯಿಳಿದು, ಎರಡೂ ಕೈಯಲ್ಲಿ ಸಿಗಡಿ ಬುಟ್ಟಿ ಹಿಡಿದು, ಕೆಸರು ಬೂಟಿನಿಂದಲೇ ಬಾಗಿಲು ಒದ್ದು ಬರುತ್ತಿದ್ದ. ಅವನ ಹಿಂದೆ ಸ್ಪ್ರಿಂಗ್ ಬಾಗಿಲನ್ನು ಎಳೆದುಕೊಂಡರೆ ಧಡ್ ಅಂತ ಬಡಿದು ಗೂಡಿನ ತಟ್ಟೆಗಳೆಲ್ಲ ಗಲಗಲ ಅನ್ನುತ್ತಿದ್ದವು. “ಆ ಸದ್ದಿಗೆ ಅವನನ್ನ ಬೈದಷ್ಟು ಕುಡಿತಕ್ಕೂ ಬೈದಿರ್ಲಿಲ್ಲ. ಅವನು ತೀರ್ಕೊಂಡಿದ್ದು ಈ ಚಂಡಮಾರುತಕ್ಕಿಂತ ಮುಂಚೆ. ಹೋದ್ಮೇಲೂ ಗಾಳಿಗೆ ಬಾಗಿಲು ಬಡಿದ್ರೆ, ಇನ್ನೊಂದು ಮುಷ್ಟಿ ಅಕ್ಕಿ ಹಾಕ್ಬೇಕು ಅನ್ಸೋದು.”

ಗಾರ್ತ್ ತಾನು ಕೂರಿಸಿದ ಬಾಗಿಲ ಕಡೆ ನೋಡಿದ. “ನಮ್ಮನೇಲಿ ಬಾಗಿಲು ಬಡಿದ್ರೆ ಅಮ್ಮ ಊಟ ಹಾಕಲ್ಲ,” ಎಂದ. ಆಮೇಲೆ, “ಆ ಹಳೇ ಸ್ಪ್ರಿಂಗ್ ರಸ್ತೆ ಬದಿ ಕಸದ ಗುಡ್ಡೇಲಿದ್ಯಾ?” ಎಂದು ಕೇಳಿದ.

ಅವಳು ಗಲ್ಲದಿಂದಲೇ ಟ್ರೇಲರಿನತ್ತ ತೋರಿಸಿದಳು. “ಮಂಚದ ಪಕ್ಕ, ಮೊಳೇಲಿ.”

“ಎತ್ತಿಟ್ಕೊಂಡಿದ್ರಾ! ಮತ್ತೆ ಒಂದ್ ಮಾತು ಹೇಳ್ಬಾರ್ದಿತ್ತಾ?”

“ನೀನು ಮೂರು ಸಲ ಬಿಚ್ಚಿ ಹಾಕ್ತಿದ್ದಾಗ ಕಿಟಕೀಲಿ ನಿಂತು ನೋಡ್ತಿದ್ದೆ ಮಗಾ. ಹೇಗೆ ಹೇಳ್ಲಿ?”

ಅವನು ಎದ್ದು ಟ್ರೇಲರಿನತ್ತ ಹೋದ. ಬಾಗಿಲು ಅವನ ಹಿಂದೆ ಉಸಿರು ಬಿಟ್ಟಂತೆ ಮುಚ್ಚಿಕೊಂಡಿತು. ತುಸು ಹೊತ್ತಿಗೆ ಸ್ಕ್ರೂ ಕಿರುಗುಟ್ಟುವುದು ಕೇಳಿಸಿತು. ಪಾಸ್ಟರ್, “ಏನೋ, ಕೆಟ್ಟೋಯ್ತಾ?” ಎಂದರು. “ಇಲ್ಲ ಪಾಸ್ಟರ್, ಕೆಡಿಸ್ತಿದ್ದೀನಿ,” ಎಂದ ಗಾರ್ತ್.

ಹಿಟ್ಟು ಹಳೆಯ ತಾಮ್ರದ ಬಣ್ಣಕ್ಕೆ ತಿರುಗಿ ಘಮಘಮಿಸತೊಡಗಿತ್ತು. ಯೂಲಾಲಿಯ ಕಣ್ಣು ಬಾಣಲೆಯಲ್ಲೇ ನೆಟ್ಟಿತ್ತು. ಆಗ ಹಿಂದಿನಿಂದ ಧಡ್! ಹೊಸ ಗೂಡಿನಲ್ಲಿ ಹೊಸ ತಟ್ಟೆಗಳು ಗಲಗಲ ಅಂದವು.

“ಬೂಟು ಒರೆಸ್ಕೊಂಡ್ ಬಾ ಆಲ್ಸೀಡ್! ಎಷ್ಟ್ ಸಲ ಹೇಳೋದು ನಿಂಗೆ?”

ಸೌಟು ನಿಂತಿತು. ಯೂಲಾಲಿ ತಿರುಗಲಿಲ್ಲ. ವರಾಂಡದಲ್ಲಿ ಪಾಸ್ಟರರ ಕುಂಚವೂ ನಿಂತಂತಿತ್ತು. ಗಾರ್ತ್ ಸ್ಕ್ರೂಡ್ರೈವರ್ ಹಿಡಿದು ನಿಂತಲ್ಲೇ ನಿಂತಿದ್ದ. ಆಮೇಲೆ ಹೊರಗೆ ಹೋಗಿ, ಚಾಪೆಗೆ ಎರಡೂ ಬೂಟುಗಳನ್ನು ಹಿಮ್ಮಡಿಯಿಂದ ತುದಿಯವರೆಗೆ ಗಸಗಸ ಉಜ್ಜಿ, ಮತ್ತೆ ಒಳಗೆ ಬಂದು ಬಾಗಿಲನ್ನು ಕೈಬಿಟ್ಟ.

ಧಡ್.

ಸೌಟು ತಿರುಗತೊಡಗಿತು.