ವಾಪಸ್ ಬಂದ ಅರ್ಜಿ

ವನಜ ಮೂರನೇ ಸಲವೂ ಕಳ್ಳತನ ಮಾಡಿದಳು. ಜೊತೆಗೆ ಕೆಲಸ ಮಾಡುವ ರವಿರಾಜ್ ಕಳಿಸಿದ್ದ ಇ-ಮೇಲ್ ತಲುಪದೆ ವಾಪಸ್ ಬಂದಿತ್ತು. ಅವನಿಗೆ ಹೇಳದೆ ಬಚ್ಚಿಟ್ಟಳು.

ಕಡಲ ತೀರದ ಊರು ತ್ರಾಸಿಯ ಆ ಮೀನು ರಫ್ತು ಕಂಪೆನಿಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವವಳು ಅವಳೊಬ್ಬಳೇ. 2008ರಲ್ಲಿ ಯಾರೋ ಪುಣ್ಯಾತ್ಮ ಕಳಿಸುವವರ ಜಾಗದಲ್ಲಿ ಕಂಪೆನಿಯ ವಿಳಾಸ ಹಾಕಿ ಊರಿಗೆಲ್ಲ ಬೊಕ್ಕತಲೆಯ ಮದ್ದಿನ ಜಾಹೀರಾತು ಕಳಿಸತೊಡಗಿದ. ತಲುಪದ್ದೆಲ್ಲ ಕಂಪೆನಿಗೇ ವಾಪಸ್, ದಿನಕ್ಕೆ ನಾನೂರು! ರೋಸಿಹೋದ ಧಣಿ ಲೀಲಾಧರ ಎಲ್ಲರನ್ನೂ ಕರೆದು ಹೇಳಿದ್ದರು: "ಹ್ವಾಯ್, ವಾಪಸ್ ಬಂದದ್ದೆಲ್ಲ ಇನ್ನ್ ವನಜನ ಡಬ್ಬಿಗೇ ಹೋತ್ತ್. ಒಂದೊಂದೇ ಬಿಡ್ಸಿ ಓದಿ ಕಾಂತಳ್. ನಿಮ್ದಾದ್ರೆ ನಿಮ್ಗೆ ಕೊಡ್ತಳ್."

ಹಾಗಾಗಿ ಫಿಲ್ಟರ್ ಎಲ್ಲವನ್ನೂ ಅವಳ ಡಬ್ಬಿಗೆ ಸುರಿಯುತ್ತಿತ್ತು. ವಾಪಸ್ ಬಂದದ್ದರ ಹೊಟ್ಟೆಯಲ್ಲಿ ಮೂಲ ಕಾಗದ ಪೂರ್ತಿ ಇರುತ್ತದೆ. ಓದದೆ ಅಸಲಿ ಯಾವುದು, ನಕಲಿ ಯಾವುದು ಅಂತ ಗೊತ್ತಾಗುವುದಾದರೂ ಹೇಗೆ?

ರವಿರಾಜನ ಮೊದಲ ಕಾಗದ ಮುಂಬೈಯ ಒಂದು ಕಂಪೆನಿಗೆ ಕೆಲಸದ ಅರ್ಜಿ. "ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ವನಜ ಆ ಸಾಲನ್ನು ಮತ್ತೊಮ್ಮೆ ಓದಿದಳು. ನಾಲ್ಕು ವರ್ಷದಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಚಾ ಕುಡಿದವರು. ಮಾತು ಮಾತ್ರ ಭೂತಾಯಿ ಮೀನಿನ ದರ ದಾಟಿ ಮುಂದೆ ಹೋದದ್ದಿಲ್ಲ. ವಿಳಾಸ ತಪ್ಪಿದೆ ಎಂದರೆ ಸರಿ ಮಾಡಿ ಕಳಿಸುತ್ತಾನೆ, ಕೆಲಸ ಸಿಗುತ್ತದೆ, ಹೋಗಿಬಿಡುತ್ತಾನೆ. ಅವಳಿಗೆ ಅವನು ಬೇಕಾಗಿತ್ತು. ಕಾಗದವನ್ನು ಬಚ್ಚಿಟ್ಟಳು.

ಎರಡನೆಯದೂ ಅದೇ ಕಂಪೆನಿಗೆ, ಆದರೆ ಕನ್ನಡದಲ್ಲೇ ಇತ್ತು. ಅಲ್ಲಿನ ಮ್ಯಾನೇಜರ್ ನಮ್ಮ ಕಡೆಯವರೇ ಇರಬೇಕು ಅಂದುಕೊಂಡಳು. "ಮದುವೆಯಾಗಿಲ್ಲ. ಬೀಡಿ, ಕುಡಿತ ಇಲ್ಲ. ಬಂಗುಡೆ ಸಾರು ನಾನೇ ಮಾಡುತ್ತೇನೆ." ಅಯ್ಯೋ ದೇವರೇ, ಕೋಲ್ಡ್ ಸ್ಟೋರೇಜ್ ಕೆಲಸಕ್ಕೆ ಇದೆಲ್ಲ ಎಂತಕ್ಕೆ? ಒಬ್ಬಳೇ ನಕ್ಕಳು. ಮೀನಿನ ಪೆಟ್ಟಿಗೆಯ ಒಂದು ಚೀಟಿಯನ್ನೂ ತಪ್ಪು ಬರೆಯದ ಮನುಷ್ಯ, ವಿಳಾಸ ಮಾತ್ರ ಮತ್ತೆ ತಪ್ಪಾಗಿ ಹಾಕಿದ್ದ.

ಮೂರನೆಯದು ಎರಡೇ ಸಾಲು. "ಇದು ಕೊನೆಯ ಕಾಗದ. ಶನಿವಾರದೊಳಗೆ ಉತ್ತರ ಬಾರದಿದ್ದರೆ ನನ್ನ ಮೇಲೆ ನಿಮಗೆ ಮನಸ್ಸಿಲ್ಲವೆಂದು ತಿಳಿಯುತ್ತೇನೆ."

ಶನಿವಾರ ಮಧ್ಯಾಹ್ನ ರವಿರಾಜ್ ಅವಳ ಮೇಜಿನ ಹತ್ತಿರ ಬಂದ. ಇಸ್ತ್ರಿ ಅಂಗಿ, ತಲೆಗೆ ಎಣ್ಣೆ.

"ನಂದ್ ಯಾವ್ದಾರೂ ವಾಪಸ್ ಬಂದಿತ್ತಾ?"

"ಇಲ್ಲೆ," ಎಂದಳು ವನಜ, ಕಂಪ್ಯೂಟರಿನಿಂದ ಕಣ್ಣೆತ್ತದೆ.

ಅವನ ಮೋರೆ ಸಪ್ಪಗಾಯಿತು. ಪಾಪ, ಮುಂಬೈ ಆಸೆ ಮಣ್ಣಾಯಿತೇನೋ.

"ಓದ್ಲಿಲ್ಯಾ ನೀವು?"

"ಬಂದ್ರಲ್ದಾ ಓದುದು?"

"ಆಯ್ತ್ ಹಂಗಾರೆ," ಎಂದು ಅವನು ತಿರುಗಿದ. ಬಾಗಿಲು ದಾಟುವಷ್ಟರಲ್ಲಿ ವನಜಳಿಗೆ ತಡೆಯಲಾಗಲಿಲ್ಲ.

"ಹ್ವಾಯ್, ನಿಲ್ಲಿ! ಸುಳ್ಳ್ ಹೇಳ್ದೆ. ಮೂರೂ ವಾಪಸ್ ಬಂದಿತ್ತ್. ನಾನೇ ಅಡಗ್ಸಿ ಇಟ್ಟೆ. ನೀವು ಹೋಪುದ್ ನಂಗೆ ಬ್ಯಾಡ. ಬೈಯಿರಿ ಬೇಕಾರೆ, ಧಣಿಗಳ ಹತ್ರ ಹೇಳಿ. ಆ ಕಂಪೆನಿ ಸರಿಯಾದ ವಿಳಾಸ ಕೊಡಿ, ಈಗ್ಲೇ ಕಳ್ಸ್ತೆ." ಅವಳ ಕಣ್ಣು ತುಂಬಿಬಂತು.

ರವಿರಾಜನ ಮುಖದಲ್ಲಿ ನಗು ಅರಳಿತು.

"ಅಂಥ ಕಂಪೆನಿಯೇ ಇಲ್ಲೆ ಮಾರಾಯ್ರೆ. ವಾಪಸ್ ಬಂದದ್ದನ್ನ ಓದುದು ನೀವೊಬ್ರೇ ಅಲ್ದಾ, ಅದ್ಕೇ ಕಳ್ಸಿದ್ದ್."