ತಡವಾದ ಕೈಗಳ ಆಟ

ಆ ಜ್ವರ ಊರೂರು ಸುತ್ತಿ ಹೋದ ಮೇಲೆ ಎಲ್ಲರ ಕೈಗಳೂ ಮನಸ್ಸಿಗಿಂತ ಮೂರು ಸೆಕೆಂಡು ಹಿಂದೆ ಬಿದ್ದಿದ್ದವು. ಹುಬ್ಬಳ್ಳಿಯಲ್ಲಿ ಬಸ್ಸುಗಳು ನಡಿಗೆಯ ವೇಗದಲ್ಲಿ ಓಡುತ್ತಿದ್ದವು, ಹೋಟೆಲುಗಳಲ್ಲಿ ಚಹಾವನ್ನು ಆರಿಸಿಯೇ ಕೊಡುತ್ತಿದ್ದರು. ವಿಡಿಯೋ ಗೇಮುಗಳನ್ನಂತೂ ಯಾರೂ ಆಡುತ್ತಿರಲಿಲ್ಲ.

ಗೌರಾ ಒಂದು ಕಾಲಕ್ಕೆ ಅಂಥದೊಂದು ಕಠಿಣ ಗೇಮಿನ ಚಾಂಪಿಯನ್. ಅದರ ಕಬ್ಬಿಣದ ದೈತ್ಯನ ಕೈಯಲ್ಲಿ ಸಾವಿರ ಸಲ ಸತ್ತು, ಕೊನೆಗೆ ಅವನನ್ನು ಕೊಂದವಳು. ಈಗ ದಿನವಿಡೀ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಅವಳಿಗಾಗಿ ಅಕ್ಕ ನೀಲಾಂಬಿಕೆ ನಾಲ್ಕು ತಿಂಗಳು ಕಷ್ಟಪಟ್ಟು ಆ ಗೇಮನ್ನು ಕಾಗದಕ್ಕೂ ದಾಳಕ್ಕೂ ಇಳಿಸಿದಳು.

ಮೊದಲ ದಿನ ಗೌರಾ ಮೂರು ಸಲ ಸತ್ತಳು. ನಾಲ್ಕನೆಯ ಸಲ ದಾಳದಲ್ಲಿ ಆರು ಬಿತ್ತು, ದೈತ್ಯ ಉರುಳಿದ.

“ಗೆದ್ದಿ ನೋಡು! ಹೆಂಗನಸ್ತು?” ಎಂದು ಅಕ್ಕ ಕೇಳಿದಳು.

“ಏನೂ ಅನಸಲಿಲ್ಲಕ್ಕಾ. ಸತ್ತಾಗನೂ ಏನೂ ಅನಸಲಿಲ್ಲ. ಎಲ್ಲಾ ದಾಳನ ಮಾಡ್ತು.”

ನೀಲಾಂಬಿಕೆ ನಿಯಮದ ಹಾಳೆಗಳನ್ನು ಮಡಚಿಟ್ಟಳು. ಆಮೇಲೆ ದಾಳವನ್ನು ಪಕ್ಕಕ್ಕೆ ಸರಿಸಿದಳು. ಜ್ವರ ನಾಲಿಗೆಯನ್ನು ಮುಟ್ಟಿರಲಿಲ್ಲ.

“ದೈತ್ಯ ಏನ್ ಮಾಡ್ತಾನಂತ ನಾ ಹೇಳ್ತೀನಿ. ನೀ ಏನ್ ಮಾಡ್ತಿ ಅಂತ ಕೂಡಲೇ ಹೇಳಬೇಕು. ತಡಾ ಆತಂದ್ರ ಸತ್ತಿ. ಎಡಗಾಲು ಎತ್ತಿದ.”

“ಬಲಕ್ಕ ಸರದೆ!”

“ಕೊಡಲಿ ಬೀಸಿದ.”

“ಬಗ್ಗಿದೆ!”

“ಮತ್ತ ಎಡಗಾಲು...”

“ಬಲಕ್ಕ!”

“ಎತ್ತಿದಂಗ ಮಾಡಿದ, ಎತ್ತಲಿಲ್ಲ. ಸತ್ತಿ.”

ಗೌರಾಳ ಮುಖ ಕೆಂಪಾಯಿತು. ದೈತ್ಯನ ಆ ಮೋಸ ಅವಳಿಗೆ ಗೊತ್ತಿದ್ದದ್ದೇ.

“ಥೂ, ಪೂರ್ತಿ ಕೇಳಲೇ ಇಲ್ಲ ನಾ. ನಂದ ತಪ್ಪು,” ಎಂದವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. “ಮತ್ತ ಶುರು ಮಾಡು.”